ಸಣ್ಣ ಟ್ರ್ಯಾಕ್ಟರಿಗೆ ಸ್ನೋಬ್ಲೋವರ್: ಹಿಂದೆ ಕಟ್ಟೋದಾ, ಮುಂದೆ ಕಟ್ಟೋದಾ?

ದಾರಿಯ ಹಿಮ ತೆಗೆದು ದೂರ ಎಸೆಯುವ ಸ್ನೋಬ್ಲೋವರ್ ಕೊಳ್ಳಲು ಹೊರಟವರು ಮೊದಲು ಬ್ಲೋವರನ್ನೇ ನೋಡುತ್ತಾರೆ. ನಾನೂ ಹಾಗೇ ಮಾಡಿದೆ. ಬಾಯಿ ಅಗಲ ಇದೆ, ಸೊಂಡಿಲು ಎತ್ತರ ಇದೆ, ತಗಡು ದಪ್ಪ ಇದೆ, ಸರಿ ಕೊಡಿ ಅಂದೆ. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಗೊತ್ತಾಯಿತು, ನಾನು ನೋಡಬೇಕಿದ್ದದ್ದು ಟ್ರ್ಯಾಕ್ಟರನ್ನ. ಅದಕ್ಕಿಂತ ಜಾಸ್ತಿ ನನ್ನ ಕುತ್ತಿಗೆಯನ್ನ. ಗಂಟೆಗಟ್ಟಲೆ ಹಿಂದಕ್ಕೆ ತಿರುಗಿ ಕೂತು ಟ್ರ್ಯಾಕ್ಟರ್ ಓಡಿಸುವುದು ಎಂಥ ಕೆಲಸ ಅಂತ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಇಲ್ಲಿ ಸಣ್ಣ ಟ್ರ್ಯಾಕ್ಟರ್ ಅಂದರೆ ಸುಮಾರು 20ರಿಂದ 40 ಎಚ್‌ಪಿ ಒಳಗಿನವು. ಬ್ಲೋವರ್ ಅಂದರೆ ಎರಡು ಹಂತದ್ದು. ಎದುರಿಗೆ ತಿರುಪಿನ ಹಾಗಿರುವ ಆಗರ್ ಹಿಮವನ್ನು ಕೊರೆದು ನಡುವಿಗೆ ಎಳೆದುಕೊಳ್ಳುತ್ತದೆ, ಅದರ ಬೆನ್ನಿಗಿರುವ ಫ್ಯಾನ್ ಅದನ್ನು ಸೊಂಡಿಲಿನ ಮೂಲಕ ದೂರ ಎಸೆಯುತ್ತದೆ. ಆಗರ್ ಒಂದೇ ಇದ್ದು ಅದೇ ಎಸೆಯುವ ಒಂದು ಹಂತದ ಬ್ಲೋವರೂ ಇದೆ. ಅದು ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರಿಗೆ, ಹಗುರ ಹಿಮಕ್ಕೆ ಸರಿ. ರೋಟವೇಟರ್ ಓಡಿಸಿದವರಿಗೆ ಈ ವಿಷಯದಲ್ಲಿ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ. ಅದೇ ನಿಮಿಷಕ್ಕೆ 540 ಸುತ್ತಿನ ಪಿಟಿಒ (ಇಂಜಿನ್ ಶಕ್ತಿಯನ್ನು ಯಂತ್ರಕ್ಕೆ ಕೊಡುವ ತಿರುಗುವ ತುದಿ), ಅದೇ ಥರದ ಶಾಫ್ಟ್, ಅದೇ ಶಿಯರ್ ಬೋಲ್ಟಿನ (ಏನಾದರೂ ಸಿಕ್ಕಿಕೊಂಡರೆ ತಾನು ಮುರಿದು ಯಂತ್ರ ಉಳಿಸುವ ಬೋಲ್ಟ್) ಗೋಳು.

ಮೊದಲು ಒಂದು ಪ್ರಶ್ನೆ: ಬ್ಲೋವರೇ ಬೇಕಾ?

ಬೀಳುವ ಹಿಮ ಪ್ರತಿಸಲ ಅರ್ಧ ಅಡಿ ಒಳಗೇ ಇದ್ದು, ಪಕ್ಕಕ್ಕೆ ತಳ್ಳಲು ಜಾಗವೂ ಇದ್ದರೆ ಬ್ಲೇಡ್ ಸಾಕು. ಬ್ಲೇಡ್ ಬೇಗ ಮುಗಿಸುತ್ತದೆ, ಅದಕ್ಕೆ ಪಿಟಿಒ ಬೇಡ, ಮುರಿಯುವ ಭಾಗವೂ ಕಡಿಮೆ. ಅದರ ತೊಂದರೆ ಏನಿದ್ದರೂ ಚಳಿಗಾಲದ ನಡುವೆ ಶುರು. ತಳ್ಳಿದ ಹಿಮ ಎಲ್ಲೂ ಹೋಗಿರುವುದಿಲ್ಲವಲ್ಲ, ದಾರಿಯ ಎರಡೂ ಕಡೆ ಗೋಡೆಯಾಗಿ ಗಟ್ಟಿಯಾಗಿ ನಿಂತಿರುತ್ತದೆ. ಮುಂದಿನ ಸಲ ತಳ್ಳಲು ಹೋದರೆ ಆ ಗೋಡೆ ಒಂದಿಂಚೂ ಕದಲುವುದಿಲ್ಲ, ದಾರಿ ಸುಮ್ನೆ ಕಿರಿದಾಗುತ್ತಾ ಬರುತ್ತದೆ. ಬ್ಲೋವರಿಗೆ ಆ ಕಷ್ಟ ಇಲ್ಲ, ಹತ್ತಾರು ಅಡಿ ಆಚೆ ಎಸೆದುಬಿಡುತ್ತದೆ.

ಎಷ್ಟು ಭಾರ ಎತ್ತಬೇಕು ಅನ್ನೋದನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. 30 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿ, ಮೇಲೆ 20 ಸೆಂಟಿಮೀಟರ್ ಹಿಮ. ಅದು 18 ಘನ ಮೀಟರ್ ಆಯಿತು. ಆಗಷ್ಟೇ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 50ರಿಂದ 70 ಕಿಲೋ ತೂಗುತ್ತದೆ, ಅಂದರೆ ಒಟ್ಟು ಒಂದು ಟನ್ ಆಸುಪಾಸು. ಅದೇ ಹಿಮ ಒದ್ದೆಯಾಗಿದ್ದು 200 ಕಿಲೋ ತೂಗಿದರೆ ಮೂರೂವರೆ ಟನ್ ದಾಟುತ್ತದೆ. ನೋಡಲು ಎರಡೂ ಒಂದೇ ಥರ ಬೆಳ್ಳಗೆ ಇರುತ್ತವೆ, ಇಂಜಿನಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಹಿಂದೆ ಕಟ್ಟಿ, ಹಿಂದಕ್ಕೆ ಓಡಿಸುವುದು

ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಗಟ್ಟಿ ಇದೇ. ಟ್ರ್ಯಾಕ್ಟರಿನ ಹಿಂದೆ ಯಂತ್ರ ಕಟ್ಟಿ ಎತ್ತುವ ಮೂರು ತೋಳಿನ ತ್ರೀ ಪಾಯಿಂಟ್ ಲಿಂಕೇಜಿಗೆ ಮೂರು ಪಿನ್, ಪಿಟಿಒ ಶಾಫ್ಟ್ ಒಂದು, ಕೆಲಸ ಮುಗಿಯಿತು. ಬಹುತೇಕ ಸಣ್ಣ ಟ್ರ್ಯಾಕ್ಟರುಗಳದ್ದು ಕೆಟಗರಿ 1 ಅನ್ನುವ ಒಂದೇ ಅಳತೆಯ ಲಿಂಕೇಜ್, ಕೆಳಗಿನ ಪಿನ್ 22 ಮಿಲಿಮೀಟರ್, ಮೇಲಿನ ತೋಳಾದ ಟಾಪ್ ಲಿಂಕಿನ ಪಿನ್ 19. ಹಾಗಾಗಿ ನಾಳೆ ಟ್ರ್ಯಾಕ್ಟರ್ ಬದಲಾಯಿಸಿದರೂ ಬ್ಲೋವರ್ ಉಳಿಯುತ್ತದೆ, ಮಾರಲು ಹೋದರೆ ಕೊಳ್ಳುವವರೂ ಸಿಗುತ್ತಾರೆ. ಮುಂದಿನ ಲೋಡರ್ (ಎತ್ತುವ ತೋಳು, ಬಕೆಟ್) ಬಿಚ್ಚುವ ತಾಪತ್ರಯ ಇಲ್ಲ. ಬ್ಲೋವರ್ ತೂಕ 200 ಕಿಲೋ ಮೇಲಿರುತ್ತದೆ, ಅದೆಲ್ಲ ಹಿಂಗಾಲಿಯ ಮೇಲೆ ಕೂತು ಹಿಡಿತ ಕೊಡುತ್ತದೆ. ಮುಂಭಾಗ ಹಗುರವಾಗಿ ಸ್ಟೀರಿಂಗ್ ತೇಲಿದ ಹಾಗನಿಸಿದರೆ ಲೋಡರ್ ಇದ್ದವರಿಗೆ ಅದೇ ಭಾರ, ಇಲ್ಲದವರು ಮುಂದೆ ತೂಕದ ಬಿಲ್ಲೆ ಹಾಕಿಕೊಳ್ಳಬೇಕು.

ಇದರ ಒಂದೇ ದೊಡ್ಡ ಕುಂದು ಹಿಂದಕ್ಕೆ ಓಡಿಸಬೇಕಾಗಿರುವುದು. ಕ್ಲಚ್ಚು ಬ್ರೇಕು ಎದುರಿಗೆ, ಕಣ್ಣು ಹಿಂದೆ, ಸೊಂಟ ಎರಡರ ನಡುವೆ. ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯಿರಿ: ಕಿರಿದಾದ ಉದ್ದ ದಾರಿಯಲ್ಲಿ ಟ್ರ್ಯಾಕ್ಟರ್ ತಿರುಗಿಸಲು ಆಗದಿದ್ದರೆ, ಹಿಂದಕ್ಕೆ ಹೋಗುವಾಗ ಹಿಮ ತೆಗೆಯುತ್ತೀರಿ, ಮುಂದಕ್ಕೆ ಬರುವಾಗ ಸುಮ್ನೆ ಖಾಲಿ ಬರುತ್ತೀರಿ. ಅರ್ಧ ಓಡಾಟ ದಂಡ. ಐವತ್ತು ಅಡಿ ಅಂಗಳಕ್ಕೆ ಇದೆಲ್ಲ ಏನೂ ಅಲ್ಲ. ಅರ್ಧ ಕಿಲೋಮೀಟರ್ ದಾರಿ ಇದ್ದವರಿಗೆ ಮಾತ್ರ ನಿಜವಾಗಿ ಕುತ್ತಿಗೆಗೆ ಬರುತ್ತದೆ. ಹಿಂದೆ ಒಂದು ಕ್ಯಾಮೆರಾ, ಅಗಲದ ಕನ್ನಡಿ, ಸ್ವಲ್ಪ ತಿರುಗುವ ಸೀಟು, ಇವು ನೋವನ್ನು ಕಡಿಮೆ ಮಾಡುತ್ತವೆ. ಕ್ಯಾಮೆರಾ ಮಸೂರಕ್ಕೆ ಹತ್ತು ನಿಮಿಷಕ್ಕೊಮ್ಮೆ ಹಿಮದ ಪುಡಿ ಮೆತ್ತಿಕೊಳ್ಳುತ್ತದೆ ಅನ್ನೋದು ಬೇರೆ ಮಾತು.

ಹಿಂದೆ ಕಟ್ಟಿ, ಮುಂದಕ್ಕೆ ಎಳೆಯುವುದು

ಇದರ ಬಾಯಿ ಟ್ರ್ಯಾಕ್ಟರಿನ ಕಡೆಗೇ ತಿರುಗಿರುತ್ತದೆ. ನೀವು ಮುಂದೆ ನೋಡಿಕೊಂಡು ಹೋಗುತ್ತಿದ್ದರೆ ಅದು ಹಿಂದಿನಿಂದ ಗುಡಿಸಿಕೊಂಡು ಬರುತ್ತದೆ. ಕುತ್ತಿಗೆ ಉಳಿಯಿತು. ಶೆಡ್ಡಿನ ಬಾಗಿಲಿಗೆ ಬ್ಲೋವರಿನ ಬೆನ್ನು ತಾಗುವಷ್ಟು ಹಿಂದೆ ಹೋಗಿ, ಕೆಳಗಿಳಿಸಿ, ಎಳೆದುಕೊಂಡು ಬಂದರೆ ಬಾಗಿಲ ಬುಡವೂ ಸ್ವಚ್ಛ. ಬೇರೆ ಯಾವ ಬ್ಲೋವರೂ ಈ ಒಂದು ಕೆಲಸವನ್ನು ಇಷ್ಟು ಚೆನ್ನಾಗಿ ಮಾಡುವುದಿಲ್ಲ.

ಆದರೆ ಗಾಲಿ ಮೊದಲು ಹಿಮದ ಮೇಲೆ ಹೋಗುತ್ತದೆ, ಬ್ಲೋವರ್ ಆಮೇಲೆ ಬರುತ್ತದೆ. ತುಳಿದ ಹಿಮ ಹಲಗೆಯ ಹಾಗೆ ಗಟ್ಟಿಯಾಗಿ ಎರಡು ಪಟ್ಟಿ ಉಳಿದುಬಿಡುತ್ತದೆ. ಹಿಮ ಟ್ರ್ಯಾಕ್ಟರಿನ ಹೊಟ್ಟೆ ಮುಟ್ಟುವಷ್ಟು ಬಿದ್ದ ದಿನ ಗಾಲಿ ನೆಲ ಬಿಟ್ಟು ಹಿಮದ ಮೇಲೇ ಕೂತುಕೊಳ್ಳುತ್ತದೆ, ಆವತ್ತು ಈ ಬ್ಲೋವರಿಂದ ಏನೂ ಪ್ರಯೋಜನ ಇಲ್ಲ. ಬಿದ್ದಷ್ಟೂ ಸಲ ತಪ್ಪದೆ ತೆಗೆಯುವವರಿಗೆ, ಒಂದು ಅಡಿ ಮೀರದ ಕಡೆ, ಇದು ತುಂಬಾ ಹಿತವಾದ ಯಂತ್ರ. ಮೂರು ದಿನ ಬಿಟ್ಟು ಒಟ್ಟಿಗೆ ತೆಗೆಯೋಣ ಅನ್ನುವವರಿಗೆ ಅಲ್ಲ.

ಮುಂದೆ ಕಟ್ಟುವುದು

ಎಲ್ಲರಿಗೂ ಆಸೆ ಇದರ ಮೇಲೇ. ಕಣ್ಣೆದುರು ಕೆಲಸ, ಗಾಲಿ ತುಳಿಯುವ ಮೊದಲೇ ಹಿಮ ಆಚೆ, ತಿರುಗಿಸುವುದು ಸಲೀಸು. ಒಮ್ಮೆ ಓಡಿಸಿದವರು ಮತ್ತೆ ಹಿಂದಿನದಕ್ಕೆ ಮರಳುವುದು ಕಡಿಮೆ.

ಆದರೆ ಶಕ್ತಿ ಮುಂದಕ್ಕೆ ಹೋಗಬೇಕಲ್ಲ, ಅದು ಹೇಗೆ ಹೋಗುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಸಾಮಾನ್ಯವಾಗಿ ಟ್ರ್ಯಾಕ್ಟರಿನ ಹೊಟ್ಟೆಯಡಿ ಇರುವ ಮಿಡ್ ಪಿಟಿಒದಿಂದ ಒಂದು ಉದ್ದ ಶಾಫ್ಟ್ ಮುಂದಿನ ಗೇರ್ ಬಾಕ್ಸಿಗೆ ಬರುತ್ತದೆ. ಮಿಡ್ ಪಿಟಿಒ 540 ಅಲ್ಲ, ಸುಮಾರು 2000 ಸುತ್ತು ತಿರುಗುತ್ತದೆ. ನಿಮ್ಮ ಟ್ರ್ಯಾಕ್ಟರಿಗೆ ಮಿಡ್ ಪಿಟಿಒ ಇದೆಯಾ? ಮೊದಲು ಬಗ್ಗಿ ನೋಡಿ. ಇಲ್ಲದಿದ್ದರೆ ಈ ದಾರಿ ಹೆಚ್ಚುಕಮ್ಮಿ ಇಲ್ಲಿಗೇ ಮುಚ್ಚಿತು. ಇದ್ದರೆ ಅದೇ ಮಾಡೆಲಿಗೆ ಅಂತ ಮಾಡಿದ ಚೌಕಟ್ಟು ಬೇಕು, ಲೋಡರ್ ಬಿಚ್ಚಬೇಕು, ಹೊಟ್ಟೆಯಡಿ ಹುಲ್ಲು ಕತ್ತರಿಸುವ ಡೆಕ್ ಇದ್ದರೆ ಅದನ್ನೂ ತೆಗೆಯಬೇಕಾಗಬಹುದು. ಟ್ರ್ಯಾಕ್ಟರ್ ಮಾರಿದ ದಿನ ಈ ಬ್ಲೋವರನ್ನೂ ಜೊತೆಗೇ ಮಾರಿಬಿಡಬೇಕು, ಬೇರೆ ಟ್ರ್ಯಾಕ್ಟರಿಗೆ ಅದು ಹೊಂದುವುದು ಅಪರೂಪ.

ಭಾರದ ಲೆಕ್ಕವೂ ತಿರುಗುಮುರುಗಾಗುತ್ತದೆ. ತೂಕವೆಲ್ಲ ಮುಂದೆ, ಹಿಂಗಾಲಿ ಹಗುರ. ಹಿಂದೆ ತೂಕದ ಪೆಟ್ಟಿಗೆಯನ್ನೋ ಗಾಲಿಗೆ ಬಿಲ್ಲೆಗಳನ್ನೋ ಹಾಕಿ, ಹಿಂಗಾಲಿಗೆ ಚೈನನ್ನೂ ಕಟ್ಟದಿದ್ದರೆ ಟ್ರ್ಯಾಕ್ಟರ್ ನಿಂತಲ್ಲೇ ಗಾಲಿ ತಿರುಗಿಸುತ್ತಾ ಕೂರುತ್ತದೆ. ಟಯರಿಗೆ ದ್ರವ ತುಂಬಿಸುವುದಾದರೆ ಬರೀ ನೀರು ಬೇಡ, ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟದ ದ್ರವವನ್ನೇ ಹಾಕಿಸಿ.

ಕೆಲವು ಟ್ರ್ಯಾಕ್ಟರುಗಳಿಗೆ ಮುಂದೆಯೇ ಲಿಂಕೇಜೂ ಪಿಟಿಒವೂ ಬರುತ್ತವೆ. ಅಂಥದ್ದಕ್ಕೆ ಹಿಂದಿನ ಬ್ಲೋವರನ್ನು ತಂದು ಸಿಕ್ಕಿಸುವ ಮೊದಲು ಎರಡು ನೋಡಿಕೊಳ್ಳಿ: ಪಿಟಿಒ ಯಾವ ಕಡೆಗೆ ತಿರುಗುತ್ತದೆ, ಎಷ್ಟು ಸುತ್ತು. ಮುಂದಿನ ಪಿಟಿಒ ಹಲವು ಕಡೆ 1000 ಸುತ್ತಿನದು. ದಿಕ್ಕು ತಪ್ಪಿದರೆ ಫ್ಯಾನ್ ಉಲ್ಟಾ ತಿರುಗಿ ಹಿಮ ಸೊಂಡಿಲಿಗೆ ಹತ್ತುವುದೇ ಇಲ್ಲ.

ಲೋಡರಿಗೆ ಕಟ್ಟುವ ಹೈಡ್ರಾಲಿಕ್ ಬ್ಲೋವರ್

ಇದನ್ನು ಬೇಗ ಮುಗಿಸುತ್ತೇನೆ. ಲೋಡರ್ ತೋಳಿನ ಬಕೆಟ್ ಕಳಚಿ ಹೈಡ್ರಾಲಿಕ್ ಮೋಟರಿನ ಬ್ಲೋವರ್ ಹಾಕುವುದು ಕೇಳಲು ಚೆನ್ನಾಗಿದೆ. ಎತ್ತರದ ರಾಶಿಯನ್ನು ಮೇಲಿನಿಂದ ಪದರ ಪದರವಾಗಿ ತೆಗೆಯಬಹುದು, ಹೌದು. ಆದರೆ ಸಣ್ಣ ಟ್ರ್ಯಾಕ್ಟರಿನ ಪಂಪು ಕೊಡುವುದು ನಿಮಿಷಕ್ಕೆ 20ರಿಂದ 30 ಲೀಟರ್. 25 ಲೀಟರ್, 170 ಬಾರ್ ಅಂತ ಹಿಡಿಯಿರಿ. ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ 7 ಕಿಲೋವಾಟ್, ಅಂದರೆ ಹತ್ತು ಎಚ್‌ಪಿಗೂ ಕಡಿಮೆ. ಅದೇ ಟ್ರ್ಯಾಕ್ಟರಿನ ಹಿಂದಿನ ಪಿಟಿಒದಲ್ಲಿ ಅದರ ಎರಡರಷ್ಟು ಸಿಗುತ್ತದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಿಂದೆ ಪಿಟಿಒದಿಂದ ತಿರುಗುವ ಬೇರೆ ಪಂಪು, ಬೇರೆ ಎಣ್ಣೆ ಟ್ಯಾಂಕು ಹಾಕಿಸಿದರೆ ಚೆನ್ನಾಗಿಯೇ ನಡೆಯುತ್ತದೆ, ಅಷ್ಟು ಖರ್ಚು ಮಾಡುವ ಮನಸ್ಸಿದ್ದರೆ.

ಅಗಲ ಎಷ್ಟು, ಎಚ್‌ಪಿ ಎಷ್ಟು

ಬ್ಲೋವರ್ ಅಗಲ ಹಿಂದಿನ ಟಯರುಗಳ ಹೊರ ಅಂಚಿಗಿಂತ ಸ್ವಲ್ಪವಾದರೂ ಜಾಸ್ತಿ ಇರಬೇಕು. ಇಲ್ಲದಿದ್ದರೆ ಹಿಮದ ಗೋಡೆಗೆ ಟಯರ್ ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಚೈನ್ ಹಾಕಿದ ಮೇಲೆ ಅಳೆಯಿರಿ, ಮೊದಲಲ್ಲ. ಅದಕ್ಕಿಂತ ಅಗಲ ಬೇಕು ಅನ್ನುವವರು ಎಚ್‌ಪಿ ನೋಡಬೇಕು. ಬಾನೆಟ್ ಮೇಲೆ ಬರೆದಿರುವುದು ಇಂಜಿನ್ ಎಚ್‌ಪಿ, ಬ್ಲೋವರಿಗೆ ಸಿಗುವುದು ಪಿಟಿಒ ಎಚ್‌ಪಿ. ಹೈಡ್ರೋಸ್ಟ್ಯಾಟಿಕ್ ಗೇರಿನ, ಅಂದರೆ ಹಲ್ಲಿನ ಬದಲು ಎಣ್ಣೆಯ ಒತ್ತಡದಿಂದ ಓಡುವ, 25 ಎಚ್‌ಪಿ ಟ್ರ್ಯಾಕ್ಟರಿನಲ್ಲಿ ಅದು 18ರಿಂದ 20 ಇರುತ್ತದೆ. ನನ್ನ ಲೆಕ್ಕದಲ್ಲಿ 5 ಅಡಿ ಬ್ಲೋವರಿಗೆ ಅಷ್ಟು ಕನಿಷ್ಠ, 25 ಸಿಕ್ಕರೆ ಹಾಯಾಗಿರುತ್ತದೆ. ಅನುಮಾನ ಇದ್ದರೆ ಕಿರಿದಾದದ್ದನ್ನೇ ತಗೊಳ್ಳಿ. ಎಚ್‌ಪಿ ಸಾಲದ ಅಗಲ ಬ್ಲೋವರ್ ಆಮೆ ನಡಿಗೆಯಲ್ಲಿ ಹೋಗುತ್ತದೆ, ಹೆಜ್ಜೆಗೊಮ್ಮೆ ಕಟ್ಟಿಕೊಳ್ಳುತ್ತದೆ.

ಗೇರಿನ ವಿಷಯ ಹಲವರು ಮರೆಯುತ್ತಾರೆ. ಬ್ಲೋವರಿಗೆ ಪೂರ್ತಿ ಸುತ್ತು ಬೇಕು, ಟ್ರ್ಯಾಕ್ಟರ್ ಮಾತ್ರ ತೆವಳಬೇಕು. ಹೈಡ್ರೋಸ್ಟ್ಯಾಟಿಕ್ ಇದ್ದರೆ ಇಂಜಿನ್ ಸುತ್ತನ್ನು ಮುಟ್ಟದೆ ಪೆಡಲಿನಲ್ಲೇ ವೇಗ ಇಳಿಸಬಹುದು. ಹಲ್ಲಿನ ಗೇರ್ ಇದ್ದರೆ ತುಂಬ ನಿಧಾನದ ರಿವರ್ಸ್ ಗೇರ್ ಬೇಕೇ ಬೇಕು. ಕ್ಲಚ್ ತುಳಿದ ಕೂಡಲೇ ಪಿಟಿಒ ಕೂಡ ನಿಲ್ಲುವ ಹಳೆಯ ಟ್ರ್ಯಾಕ್ಟರಿನಲ್ಲಂತೂ ಬ್ಲೋವರ್ ಬೇಡವೇ ಬೇಡ ಅನ್ನುತ್ತೇನೆ. ದಟ್ಟ ಹಿಮದಲ್ಲಿ ನಿಲ್ಲಿಸಿ ಅದಕ್ಕೆ ಉಸಿರು ಬಿಡಲು ಸಮಯ ಕೊಡೋಣ ಅಂತ ಕ್ಲಚ್ ತುಳಿದರೆ ಫ್ಯಾನೂ ನಿಂತು ಸೊಂಡಿಲು ತುಂಬಿಕೊಳ್ಳುತ್ತದೆ.

ಟಯರ್ ಬಗ್ಗೆ ಒಂದೇ ಮಾತು. ಸಣ್ಣ ಟ್ರ್ಯಾಕ್ಟರುಗಳಿಗೆ ಜಾಸ್ತಿ ಬರುವ, ಅಗಲ ಹಲ್ಲಿನ ಆರ್4 ಟಯರ್ ಮಂಜುಗಡ್ಡೆಯ ಮೇಲೆ ಬಹಳ ಜಾರುತ್ತದೆ. ಹಿಮದಲ್ಲಿ ಹೊಲದ ಆರ್1 ವಾಸಿ. ಇಳಿಜಾರು ಇದ್ದರೆ ಯಾವುದಿದ್ದರೂ ಚೈನ್ ಹಾಕಿ. ಚೈನಿಗೂ ಮಡ್‌ಗಾರ್ಡಿಗೂ ನಡುವೆ ಜಾಗ ಇದೆಯಾ ಅಂತ ಕೈಯಲ್ಲಿ ಗಾಲಿ ತಿರುಗಿಸಿ ನೋಡಿಕೊಂಡೇ ಹೊರಡಿ.

ಶಾಫ್ಟ್ ಕತ್ತರಿಸುವ ಗಂಡಾಂತರ

ಹಿಂದಿನ ಬ್ಲೋವರ್ ಜೋಡಿಸುವಾಗ ಜನ ಕೆಡಿಸಿಕೊಳ್ಳುವುದು ಇಲ್ಲೇ. ಹೊಸ ಬ್ಲೋವರಿನ ಜೊತೆ ಬರುವ ಪಿಟಿಒ ಶಾಫ್ಟ್ ಸಣ್ಣ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಉದ್ದವೇ ಇರುತ್ತದೆ. ನನಗೆ ಮಾರಿದವರು ಎಲ್ಲದಕ್ಕೂ ಆಗುತ್ತೆ ಅಂದಿದ್ದರು. ನಾನು ನಂಬಿ ಹೇಗೋ ಒತ್ತಿ ಕೂರಿಸಿದೆ. ಬ್ಲೋವರ್ ಎತ್ತಿದಾಗ ಲಿಂಕೇಜ್ ಅರ್ಧಕ್ಕೆ ನಿಂತು ಕಿರ್ ಅಂದಿತು. ಪುಣ್ಯಕ್ಕೆ ಅಲ್ಲಿಗೇ ಕೈ ತೆಗೆದೆ. ಇನ್ನೊಂದಿಷ್ಟು ಎತ್ತಿದ್ದರೆ ಶಾಫ್ಟ್ ಒಂದು ಕಡೆ ಟ್ರ್ಯಾಕ್ಟರಿನ ಪಿಟಿಒ ಬೇರಿಂಗಿಗೆ, ಇನ್ನೊಂದು ಕಡೆ ಬ್ಲೋವರಿನ ಗೇರ್ ಬಾಕ್ಸಿಗೆ ಗುದ್ದಿ ಎರಡನ್ನೂ ಮುರಿಯುತ್ತಿತ್ತು.

ಮಾಡುವ ಕ್ರಮ ಹೀಗೆ. ಮೂರೂ ಪಿನ್ ಹಾಕಿ ಬ್ಲೋವರ್ ಜೋಡಿಸಿ, ಶಾಫ್ಟ್ ಮಾತ್ರ ಬೇಡ. ಲಿಂಕೇಜನ್ನು ಮೇಲೆ ಕೆಳಗೆ ಆಡಿಸಿ, ಟ್ರ್ಯಾಕ್ಟರಿನ ಪಿಟಿಒ ತುದಿಗೂ ಬ್ಲೋವರಿನ ತುದಿಗೂ ನಡುವಿನ ದೂರ ಎಲ್ಲಿ ಅತಿ ಕಡಿಮೆ ಅಂತ ಹುಡುಕಿ. ಎರಡೂ ತುದಿ ಒಂದೇ ಮಟ್ಟಕ್ಕೆ ಬಂದಾಗ ಸಾಮಾನ್ಯವಾಗಿ ಅದು ಸಿಗುತ್ತದೆ. ಅಲ್ಲಿ ನಿಲ್ಲಿಸಿ, ಬ್ಲೋವರ್ ಅಡಿಗೆ ಮರದ ದಿಮ್ಮಿ ಕೊಟ್ಟು, ಇಂಜಿನ್ ಆರಿಸಿ. ಶಾಫ್ಟಿನ ಎರಡು ಅರ್ಧಗಳನ್ನು ಬಿಡಿಸಿ, ಒಂದನ್ನು ಟ್ರ್ಯಾಕ್ಟರಿಗೆ ಇನ್ನೊಂದನ್ನು ಬ್ಲೋವರಿಗೆ ಸಿಕ್ಕಿಸಿ ಅಕ್ಕಪಕ್ಕ ಹಿಡಿದು ನೋಡಿ. ಈ ಸ್ಥಿತಿಯಲ್ಲೂ ಶಾಫ್ಟ್ ಒಳಕ್ಕೆ ಸರಿಯಲು ಒಂದೂವರೆ ಇಂಚು ಜಾಗ ಉಳಿಯುವ ಹಾಗೆ ಗುರುತು ಹಾಕಿ. ಎರಡೂ ಅರ್ಧಗಳಿಂದ ಒಂದೇ ಅಳತೆ ಕತ್ತರಿಸಿ, ಮೇಲಿನ ಪ್ಲಾಸ್ಟಿಕ್ ಕವಚವನ್ನೂ ಅಷ್ಟೇ. ಅಂಚಿನ ಮುಳ್ಳು ಅರದಿಂದ ಉಜ್ಜಿ, ಗ್ರೀಸ್ ಹಚ್ಚಿ ಜೋಡಿಸಿ. ಆಮೇಲೆ ಅತಿ ಉದ್ದವಾಗುವ ಸ್ಥಿತಿಯಲ್ಲೂ ನೋಡಬೇಕು, ಕನಿಷ್ಠ ಮೂರನೇ ಒಂದು ಭಾಗ ಒಂದರೊಳಗೊಂದು ಕೂತಿರಬೇಕು. ಇಲ್ಲದಿದ್ದರೆ ತಿರುಗುತ್ತಿರುವಾಗಲೇ ಕಳಚಿಕೊಳ್ಳುತ್ತದೆ, 540 ಅಂದರೆ ಸೆಕೆಂಡಿಗೆ 9 ಸುತ್ತು, ಹತ್ತಿರ ಯಾರೂ ಇರಬಾರದ ವೇಗ ಅದು. ಕ್ವಿಕ್ ಹಿಚ್ (ಯಂತ್ರವನ್ನು ಬೇಗ ಸಿಕ್ಕಿಸಲು ಲಿಂಕೇಜಿಗೆ ಹಾಕುವ ಚೌಕಟ್ಟು) ಹಾಕುವ ಯೋಚನೆ ಇದ್ದರೆ ಅದನ್ನು ಹಾಕಿದ ಮೇಲೇ ಅಳೆಯಿರಿ. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ.

ಶಿಯರ್ ಬೋಲ್ಟ್

ನನ್ನ ಎರಡನೇ ತಪ್ಪು. ಹಿಮದಡಿ ಹೂತುಹೋಗಿದ್ದ ಬಾಗಿಲ ಮ್ಯಾಟನ್ನು ಆಗರ್ ಎಳೆದುಕೊಂಡಿತು. ಟಪ್ ಅಂತ ಸದ್ದು, ಫ್ಯಾನ್ ತಿರುಗುತ್ತಿದೆ, ಆಗರ್ ನಿಂತಿದೆ. ಬೋಲ್ಟ್ ತುಂಡಾಗಿತ್ತು. ತುಂಡಾಗುವುದೇ ಅದರ ಕೆಲಸ, ಆದರೆ ಆ ಚಳಿಯಲ್ಲಿ, ಕೈಬೆರಳು ಮರಗಟ್ಟಿರುವಾಗ, ಅಂಥ ವಿವೇಕ ಎಲ್ಲಿಂದ ಬರಬೇಕು? ಡಬ್ಬಿಯಲ್ಲಿ ಅದೇ ದಪ್ಪದ ಗಟ್ಟಿ ಬೋಲ್ಟ್ ಸಿಕ್ಕಿತು, ಹಾಕಿ ಬಿಗಿದೆ. ಮುಂದಿನ ವಾರ ಒಂದು ಸೌದೆ ತುಂಡು ಸಿಕ್ಕಿಕೊಂಡಾಗ ಬೋಲ್ಟ್ ಗಟ್ಟಿಯಾಗಿ ನಿಂತಿತು, ಹೋಗಿದ್ದು ಗೇರ್ ಬಾಕ್ಸ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ತಯಾರಕರು ಹೇಳಿದ ಮೆದು ಬೋಲ್ಟನ್ನೇ ಹಾಕಿ, ಹತ್ತಾದರೂ ನಟ್ಟಿನ ಸಮೇತ ಸೀಟಿನಡಿ ಇಟ್ಟಿರಿ. ಕೊಳ್ಳುವಾಗ ಆ ಬೋಲ್ಟ್ ಇರುವ ಜಾಗಕ್ಕೆ ದಪ್ಪ ಕೈಗವಸು ಹಾಕಿದ ಕೈ ಹೋಗುತ್ತದಾ ಅಂತ ಅಂಗಡಿಯಲ್ಲೇ ನೋಡಿ. ಕೆಲವು ಬ್ಲೋವರಿನಲ್ಲಿ ಅದು ಬೇಕಂತಲೇ ಬಚ್ಚಿಟ್ಟ ಹಾಗಿರುತ್ತದೆ.

ಸೊಂಡಿಲು ತಿರುಗಿಸುವುದು

ಕೈ ಹಿಡಿಯಿಂದ ತಿರುಗಿಸುವುದು ಅಗ್ಗ, ಕೆಡುವುದಿಲ್ಲ, ಆದರೆ ಗಾಳಿ ದಿಕ್ಕು ಬದಲಾದಾಗಲೆಲ್ಲ ಬಗ್ಗಿ ತಿರುಗಿಸುತ್ತಾ ಕೂರಬೇಕು. ಹಿಂದೆ ಹೈಡ್ರಾಲಿಕ್ ಔಟ್‌ಲೆಟ್ ಇದ್ದರೆ ಅದರಿಂದ ತಿರುಗಿಸಿ, ತುದಿಯ ಮುಚ್ಚಳ ಎತ್ತಿಳಿಸಲು ವಿದ್ಯುತ್ ಮೋಟರ್ ಹಾಕಿಸಿ. ನಾನು ದುಡ್ಡು ಖರ್ಚು ಮಾಡಿ ಒಂದು ದಿನವೂ ಬೇಜಾರು ಮಾಡಿಕೊಳ್ಳದ ಭಾಗ ಇದೊಂದೇ.

ಓಡಿಸುವಾಗ

ಇಂಜಿನ್ ಸುತ್ತು ಇಳಿಸಬೇಡಿ, ನಡಿಗೆ ಇಳಿಸಿ. ಫ್ಯಾನ್ ನಿಧಾನವಾದರೆ ಹಿಮ ಸೊಂಡಿಲಿನ ಅರ್ಧಕ್ಕೆ ಹೋಗಿ ಅಲ್ಲೇ ಮೆತ್ತಿಕೊಳ್ಳುತ್ತದೆ, ಒದ್ದೆ ಹಿಮದಲ್ಲಂತೂ ಕ್ಷಣಾರ್ಧ ಸಾಕು. ಒದ್ದೆ ಹಿಮದ ದಿನ ಬಾಯಿ ಪೂರ್ತಿ ತುಂಬಿಸಿಕೊಂಡು ಹೋಗುವುದೇ ವಾಸಿ, ಅರ್ಧಂಬರ್ಧ ತುಂಬಿದರೆ ಎಸೆಯುವ ಬದಲು ಅಂಟಿಸುತ್ತದೆ. ಸೊಂಡಿಲಿನ ಒಳಗೆ ಸಿಲಿಕಾನ್ ಸ್ಪ್ರೇ ಹೊಡೆದರೆ ಸ್ವಲ್ಪ ಹೊತ್ತು ಜಾರುತ್ತದೆ. ಫ್ಯಾನಿನ ರೆಕ್ಕೆಗಳ ತುದಿಗೆ ರಬ್ಬರ್ ಪಟ್ಟಿ ಬೋಲ್ಟ್ ಮಾಡಿ ಗೋಡೆಯ ಜೊತೆಗಿನ ಸಂದು ಮುಚ್ಚಿದರೆ ಅದಕ್ಕಿಂತ ಒಳ್ಳೆಯದು.

ಗಾಳಿ ಹೋಗುವ ಕಡೆಗೇ ಎಸೆಯಿರಿ, ಇನ್ನೂ ತೆಗೆಯದ ಜಾಗದ ಮೇಲೆ ಎಸೆದರೆ ಅದೇ ಹಿಮವನ್ನು ಎರಡು ಸಲ ಹೊರಬೇಕು. ಜಲ್ಲಿ ದಾರಿಯಾದರೆ ಬ್ಲೋವರಿನ ಕೆಳಗಿನ ಅಂಚು ನೆಲದಿಂದ ಒಂದಿಂಚು ಮೇಲಿರುವ ಹಾಗೆ ಸ್ಕಿಡ್ ಶೂಗಳನ್ನು (ಅಡಿಯಲ್ಲಿ ನೆಲಕ್ಕೆ ತಾಗಿ ಜಾರುವ ಪಾದಗಳನ್ನು) ಕೂರಿಸಿ, ಮೊದಲ ಹಿಮ ತುಳಿದು ಗಟ್ಟಿಯಾಗಲು ಬಿಡಿ. ಜಲ್ಲಿಯನ್ನು ಬ್ಲೋವರ್ ಬಾಯಿಗೆ ಹಾಕಿದರೆ ಅದು ಹೋಗಿ ಬೀಳುವುದು ಸಾಮಾನ್ಯವಾಗಿ ಯಾರದ್ದಾದರೂ ಕಿಟಕಿಗೆ. ಹಿಂದಕ್ಕೆ ಓಡಿಸುವ ಬ್ಲೋವರಿನಲ್ಲಿ ಟಾಪ್ ಲಿಂಕ್ ಗಿಡ್ಡ ಮಾಡಿದರೆ ಕೆಳಗಿನ ಅಂಚು ಏಳುತ್ತದೆ, ಉದ್ದ ಮಾಡಿದರೆ ಕೆರೆಯುತ್ತದೆ. ಅಂಚು ತೋರಿಸುವ ಗೂಟಗಳನ್ನು ಹಿಮ ಬೀಳುವ ಮೊದಲೇ, ನೆಲ ಮೆತ್ತಗಿರುವಾಗಲೇ ನೆಡಿ.

ಕಟ್ಟಿಕೊಂಡಾಗ ಪಿಟಿಒ ಬಿಡಿಸಿ, ಇಂಜಿನ್ ಆರಿಸಿ, ಕೀಲಿ ಕೈಗೆ ತಗೊಂಡು, ಎಲ್ಲ ನಿಂತಿದೆ ಅಂತ ಕಣ್ಣಾರೆ ನೋಡಿ ಆಮೇಲೆ ಹತ್ತಿರ ಹೋಗಿ. ಆಗಲೂ ಕೈಯಲ್ಲ, ಕೋಲು. ನಿಂತ ಆಗರಿನಲ್ಲೂ ಬಿಗಿತ ಉಳಿದಿರಬಹುದು, ಸಿಕ್ಕಿಕೊಂಡದ್ದು ಸಡಿಲವಾದ ಕ್ಷಣ ಅದು ಕಾಲು ಸುತ್ತು ತಿರುಗಿದರೂ ಬೆರಳಿಗೆ ಅಷ್ಟು ಸಾಕು.

ಹಾಗಾದರೆ ಯಾವುದು?

ಲೋಡರ್ ಚಳಿಗಾಲದಲ್ಲೂ ಬೇಕು, ದಾರಿ ನೂರೈವತ್ತು ಅಡಿ ಒಳಗೆ, ಒಮ್ಮೊಮ್ಮೆ ಮೊಣಕಾಲುದ್ದ ಬೀಳುತ್ತದೆ ಅಂದರೆ ಹಿಂದಕ್ಕೆ ಓಡಿಸುವುದನ್ನೇ ತಗೊಳ್ಳಿ, ಎರಡನೇ ಯೋಚನೆ ಬೇಡ. ಕುತ್ತಿಗೆ ಅಥವಾ ಸೊಂಟದ ತೊಂದರೆ ಇದ್ದು ಹಿಮ ಮಿತವಾಗಿದ್ದರೆ ಎಳೆಯುವುದು. ದಾರಿ ಉದ್ದ, ಚಳಿಗಾಲವೂ ಉದ್ದ, ಮಿಡ್ ಪಿಟಿಒ ಇದೆ, ಹಿಮ ಕರಗುವವರೆಗೆ ಲೋಡರ್ ಬಿಚ್ಚಿಟ್ಟರೆ ನಡೆಯುತ್ತದೆ ಅಂದರೆ ಮುಂದಿನದು. ವಾರಕ್ಕೆರಡು ಸಲ ಲೋಡರ್ ಹಾಕಿ ತೆಗೆದು ಮಾಡುತ್ತೇನೆ ಅಂತ ಯಾರಾದರೂ ಅಂದರೆ ನಾನು ನಂಬುವುದಿಲ್ಲ, ಮೊದಲ ತಿಂಗಳಿಗೇ ಸಾಕಾಗುತ್ತದೆ.

ಹಳೆಯದು ಕೊಳ್ಳುವುದಾದರೆ ಬಣ್ಣ ಬಿಡಿ. ಕೆಳಗಿನ ಕೆರೆಯುವ ಪಟ್ಟಿ ಎಷ್ಟು ಸವೆದಿದೆ, ಅದನ್ನು ತಿರುಗಿಸಿ ಹಾಕಲು ಇನ್ನೊಂದು ಅಂಚು ಉಳಿದಿದೆಯಾ ನೋಡಿ. ಫ್ಯಾನ್ ಹಿಡಿದು ಹಿಂದೆ ಮುಂದೆ ಅಲುಗಾಡಿಸಿ, ಕಟಕಟ ಅಂದರೆ ಬೇರಿಂಗ್ ಹೋಗಿದೆ. ಗೇರ್ ಬಾಕ್ಸ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಕೊನೆಗೆ ಶಿಯರ್ ಬೋಲ್ಟ್ ಒಂದನ್ನು ಬಿಚ್ಚಿಸಿ ಕೈಯಲ್ಲಿ ಹಿಡಿದು ನೋಡಿ. ಅಲ್ಲಿ ಗಟ್ಟಿ ಬೋಲ್ಟ್ ಇದ್ದರೆ ಹಿಂದಿನ ಮಾಲೀಕನೂ ನನ್ನ ಥರದವನೇ, ಗೇರ್ ಬಾಕ್ಸ್ ಬಿಚ್ಚಿ ತೋರಿಸದೆ ದುಡ್ಡು ಕೊಡಬೇಡಿ.